ಕೆಲಸದ ಜಾಗದಲ್ಲಿ ನಮ್ಮ ಮನಸ್ಸನ್ನು ನಾವೇ ಓದುವುದು: ನಾಲ್ಕು ವಾರದ ಮಾರ್ಗದರ್ಶಿ

ನವೆಂಬರ್ ಬಂತೆಂದರೆ ಬ್ಯಾಂಕಿನ ಬಾಗಿಲು ತೆಗೆಯುವ ಮೊದಲೇ ಪಿಂಚಣಿದಾರರು ಬಂದು ಕೂತಿರುತ್ತಾರೆ. ತಾವು ಬದುಕಿದ್ದೇವೆ ಎಂದು ತೋರಿಸುವ ಲೈಫ್ ಸರ್ಟಿಫಿಕೇಟ್ ಕೊಡುವ ತಿಂಗಳು ಅದು. ಈಗ ಬಹಳ ಜನರದ್ದು ಬೆರಳಚ್ಚಿನ ಯಂತ್ರದಲ್ಲೇ ಆಗುತ್ತದೆ, ಆದರೆ ವಯಸ್ಸಾದವರ ಬೆರಳಿನ ಗೆರೆ ಸವೆದಿರುತ್ತದೆ, ಯಂತ್ರ ಸುಲಭಕ್ಕೆ ಒಪ್ಪುವುದಿಲ್ಲ. ಕೆಲವು ವರ್ಷಗಳ ಹಿಂದೆ ಅರಸೀಕೆರೆ ಕಡೆಯ ಒಂದು ಶಾಖೆಯಲ್ಲಿದ್ದಾಗ, ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರು ನನ್ನ ಕೌಂಟರ್‌ಗೆ ಬಂದರು. ಹೆಬ್ಬೆರಳು ಇಟ್ಟರು, ಬರಲಿಲ್ಲ. ಪಂಚೆಗೆ ಒರೆಸಿಕೊಂಡು ಮತ್ತೆ ಇಟ್ಟರು, ಬರಲಿಲ್ಲ. ಐದನೇ ಸಲಕ್ಕೆ ನಾನು ಇಡೀ ಹಾಲ್‌ಗೆ ಕೇಳುವ ಹಾಗೆ ಕೂಗಿಬಿಟ್ಟೆ: "ಗಟ್ಟಿಯಾಗಿ ಒತ್ತಿ ಅಂತ ಎಷ್ಟು ಸಲ ಹೇಳೋದು ನಿಮಗೆ!" ಅವರು ಕೈ ಹಿಂದಕ್ಕೆಳೆದುಕೊಂಡು, ಆ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡರು.

ಅವರ ಮೇಲೆ ನನಗೆ ಸಿಟ್ಟಿತ್ತಾ? ಇಲ್ಲವೇ ಇಲ್ಲ. ಹತ್ತು ನಿಮಿಷದ ಹಿಂದೆ ಮೇಲಿನ ಕಚೇರಿಯವರ ವಿಡಿಯೋ ಮೀಟಿಂಗ್ ಇತ್ತು. ಯಾವ ಶಾಖೆಯಲ್ಲಿ ಯಾರು ಎಷ್ಟು ಇನ್ಶೂರೆನ್ಸ್ ಮಾಡಿಸಿದ್ದಾರೆ ಎಂದು ಎಲ್ಲರೆದುರು ಓದಿದರು. ನನ್ನ ಹೆಸರಿನ ಮುಂದೆ ಸೊನ್ನೆ ಇತ್ತು. ನನಗೆ ಆಗಿದ್ದು ಅವಮಾನ. ಹೊರಗೆ ಬಂದಿದ್ದು ಸಿಟ್ಟು. ಬಿದ್ದಿದ್ದು ಇದಕ್ಕೆಲ್ಲ ಸಂಬಂಧವೇ ಇಲ್ಲದ ಒಬ್ಬರ ಮೇಲೆ. ಮೀಟಿಂಗ್ ಮುಗಿದ ಕೂಡಲೇ "ನನಗೀಗ ಅವಮಾನ ಆಗಿದೆ" ಎಂದು ಗೊತ್ತಾಗಿದ್ದರೆ ಎರಡು ನಿಮಿಷ ನೀರು ಕುಡಿದು ಬಂದು ಕೂರುತ್ತಿದ್ದೆ. ಗೊತ್ತಾಗಲಿಲ್ಲ. ಆ ಗೊತ್ತಾಗುವುದನ್ನೇ ಕಲಿಯುವುದು ಹೇಗೆ ಅನ್ನುವುದು ಈ ಬರಹ.

ಉದಾಹರಣೆಗಳು ಬ್ಯಾಂಕಿನವು, ಯಾಕೆಂದರೆ ನನಗೆ ಗೊತ್ತಿರುವ ಜಾಗ ಅದು. ನೀವು ಶಾಲೆಯಲ್ಲಿರಿ, ಗಾರ್ಮೆಂಟ್ಸ್‌ನಲ್ಲಿರಿ, ಐಟಿ ಕಂಪನಿಯಲ್ಲಿರಿ, ತಾಲ್ಲೂಕು ಕಚೇರಿಯಲ್ಲಿರಿ, ದಾರಿ ಇದೇ.

ಶುರು ಮಾಡುವ ಮೊದಲು

ಅಂಗೈಯಗಲದ ಒಂದು ನೋಟ್‌ಬುಕ್ ತಗೊಳ್ಳಿ. ಫೋನ್‌ನಲ್ಲಿ ಬರೆಯಬಹುದು, ಆದರೆ ಫೋನ್ ತೆಗೆದರೆ ವಾಟ್ಸ್ಆ್ಯಪ್ ಕಣ್ಣಿಗೆ ಬೀಳುತ್ತದೆ, ಬರೆಯಲು ಹೋದದ್ದು ಮರೆತೇ ಹೋಗುತ್ತದೆ. ಬರೆಯುವುದು ಕನ್ನಡದಲ್ಲಿ ಇರಲಿ, ಅಥವಾ ಮನೆಯಲ್ಲಿ ಬೈಯುವಾಗ ಯಾವ ಭಾಷೆ ಬರುತ್ತದೋ ಅದರಲ್ಲಿ. ಪುಸ್ತಕವನ್ನು ಆಫೀಸಿನ ಡ್ರಾಯರ್‌ನಲ್ಲಿ ಬಿಡಬೇಡಿ. ಬೇರೆಯವರು ಓದಬಹುದು ಎಂಬ ಅಳುಕು ಒಂದು ಚೂರು ಇದ್ದರೂ ಕೈ ಸುಳ್ಳು ಬರೆಯುತ್ತದೆ.

ಇನ್ನೊಂದು ವಿಷಯ. ಇದು ಸಿಟ್ಟನ್ನು ಅದುಮಿಡುವ ಅಭ್ಯಾಸ ಅಲ್ಲ. ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1990ರಲ್ಲಿ ಭಾವನಾತ್ಮಕ ಬುದ್ಧಿವಂತಿಕೆಯ ಬಗ್ಗೆ ಬರೆದಾಗ, ತನ್ನ ಭಾವನೆಯನ್ನು ಗುರುತಿಸುವುದೂ ಆ ಬುದ್ಧಿವಂತಿಕೆಯ ಭಾಗ ಎಂದು ಹೇಳಿದ್ದರು. ನಿಭಾಯಿಸುವ ಮಾತು ಆಮೇಲಿನದು. ಆಫೀಸಿನ ತರಬೇತಿಗಳಲ್ಲಿ ಗುರುತಿಸುವುದನ್ನು ಹಾರಿಸಿ ಸೀದಾ "ಕೂಲ್ ಆಗಿರಿ" ಎಂಬಲ್ಲಿಗೆ ಹೋಗಿಬಿಡುತ್ತಾರೆ. ಏನು ಬೇಯುತ್ತಿದೆ ಅಂತಲೇ ಗೊತ್ತಿಲ್ಲದೆ ಮುಚ್ಚಳ ಹಾಕಿದರೆ ಉಕ್ಕದೆ ಇರುತ್ತಾ? ಹಾಗಾಗಿ ಮೊದಲ ಎರಡು ವಾರ ನಿಮ್ಮ ನಡವಳಿಕೆಯಲ್ಲಿ ಏನನ್ನೂ ಬದಲಿಸಲು ಹೋಗಬೇಡಿ. ಸುಮ್ನೆ ನೋಡಿ.

ಮೊದಲ ವಾರ: ಮೈ ಏನು ಹೇಳುತ್ತಿದೆ

ಮನಸ್ಸಿಗಿಂತ ಮೊದಲು ಮೈಗೆ ಗೊತ್ತಾಗುತ್ತದೆ. ನಮ್ಮ ಮಾತಿನಲ್ಲೇ ಇದೆ ನೋಡಿ: ಎದೆ ಧಸಕ್ ಅಂತು, ಹೊಟ್ಟೆ ಉರಿಯಿತು, ಗಂಟಲು ಕಟ್ಟಿತು, ಕೈಕಾಲು ತಣ್ಣಗಾಯಿತು, ಮುಖ ಸಣ್ಣದಾಯಿತು, ಮೈಯೆಲ್ಲ ಉರಿದುಹೋಯಿತು. ಇವನ್ನು ಬರೀ ನುಡಿಗಟ್ಟು ಅಂದುಕೊಂಡಿದ್ದೇವೆ. ಅಲ್ಲ, ನೋಡಿದವರು ಕಂಡಂತೆ ಹೇಳಿಟ್ಟದ್ದು. ನಾಟ್ಯ ಕಲಿತವರಿಗೆ ಎಂಟು ಸಾತ್ವಿಕ ಭಾವಗಳು ಗೊತ್ತಿರುತ್ತವೆ: ಮೈ ಮರಗಟ್ಟುವುದು, ಬೆವರು, ರೋಮಾಂಚ, ದನಿ ಬಿರಿಯುವುದು, ನಡುಕ, ಬಣ್ಣಗೆಡುವುದು, ಕಣ್ಣೀರು, ಪ್ರಜ್ಞೆ ತಪ್ಪುವುದು. ಎಂಟೂ ಮೈಯಲ್ಲಿ ಕಾಣುವಂಥವೇ. ಫಿನ್ಲೆಂಡಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 701 ಜನರಿಗೆ ಮನುಷ್ಯಾಕೃತಿಯ ಚಿತ್ರ ಕೊಟ್ಟು, ಯಾವ ಭಾವನೆ ಬಂದಾಗ ಮೈಯಲ್ಲಿ ಎಲ್ಲಿ ಚುರುಕಾಗುತ್ತದೆ, ಎಲ್ಲಿ ಮಂಕಾಗುತ್ತದೆ ಎಂದು ಬಣ್ಣ ಹಚ್ಚಿಸಿದರು. ಸಿಟ್ಟಿಗೆ ತಲೆ, ಎದೆ, ಕೈಗಳು ಕೆಂಪಾದವು. ದುಃಖಕ್ಕೆ ಕೈಕಾಲು ಮಂಕಾದವು. ಬೇರೆ ಬೇರೆ ದೇಶದವರ ಚಿತ್ರಗಳು ಬಹಳಷ್ಟು ಒಂದೇ ಥರ ಇದ್ದವು.

ಮಾಡಬೇಕಾದದ್ದು ಇಷ್ಟು. ದಿನಕ್ಕೆ ಮೂರು ಸಲ, ಅರ್ಧ ನಿಮಿಷ. ಅಲಾರಂ ಬೇಡ, ಹೇಗಿದ್ದರೂ ಮಾಡುವ ಯಾವುದಾದರೂ ಕೆಲಸಕ್ಕೆ ಗಂಟು ಹಾಕಿ. ನಾನು ಬೆಳಿಗ್ಗೆ ಕಂಪ್ಯೂಟರ್‌ಗೆ ಪಾಸ್‌ವರ್ಡ್ ಹೊಡೆಯುವ ಮುಂಚೆ, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಮುಂಚೆ, ಸಂಜೆ ಕ್ಯಾಶ್ ಟ್ಯಾಲಿ ಆದ ಮೇಲೆ ನೋಡಿಕೊಳ್ಳುತ್ತೇನೆ. ಮೇಲಿನಿಂದ ಕೆಳಗೆ ಬನ್ನಿ. ಹಲ್ಲು ಕಚ್ಚಿಕೊಂಡಿದ್ದೀರಾ? ಭುಜ ಮೇಲೇರಿ ಕೂತಿದೆಯಾ? ಉಸಿರು ಎದೆಯಲ್ಲೇ ನಿಂತಿದೆಯಾ, ಹೊಟ್ಟೆವರೆಗೂ ಇಳಿಯುತ್ತಿದೆಯಾ? ಹೊಟ್ಟೆ ಬಿಗಿಯಾಗಿದೆಯಾ? ಅಂಗೈ ಒದ್ದೆಯಾ? ಕಂಡದ್ದನ್ನು ಒಂದು ಸಾಲು ಬರೆಯಿರಿ. ಏನೂ ಕಾಣಲಿಲ್ಲ ಅಂದರೆ "ಏನೂ ಇಲ್ಲ" ಎಂದೇ ಬರೆಯಿರಿ, ಅದೂ ಲೆಕ್ಕಕ್ಕೆ ಬರುತ್ತದೆ. ಪಕ್ಕದಲ್ಲಿ ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದಿರಿ, ಊಟ ಎಷ್ಟು ಗಂಟೆಗೆ ಆಯಿತು ಎಂಬುದೂ ಇರಲಿ.

ಐದಾರು ದಿನ ಹೀಗೆ ಮಾಡಿದರೆ ಪ್ರತಿಯೊಬ್ಬರಿಗೂ ತಮ್ಮದೇ ಒಂದು ಮೊದಲ ಗುರುತು ಸಿಗುತ್ತದೆ. ನನ್ನದು ಕಿವಿ. ಕಿವಿಯ ತುದಿ ಬಿಸಿಯಾದರೆ ಸಿಟ್ಟು ಇನ್ನೂ ನಾಲಿಗೆಗೆ ಬಂದಿಲ್ಲ, ಆದರೆ ದಾರಿಯಲ್ಲಿದೆ. ನಮ್ಮ ಕ್ಯಾಷಿಯರ್ ಒಬ್ಬರಿಗೆ ನಾಲಿಗೆ ಒಣಗುತ್ತಿತ್ತು. ಸಂಜೆ ಲೆಕ್ಕದಲ್ಲಿ ಐನೂರು ರೂಪಾಯಿ ಕಮ್ಮಿ ಬಂದರೆ ಕೈಯಿಂದ ಕಟ್ಟಬೇಕಲ್ಲ, ಆ ಭಯ ಮಧ್ಯಾಹ್ನ ಮೂರು ಗಂಟೆಗೇ ಅವರ ಬಾಯಿಗೆ ಬಂದು ಕೂರುತ್ತಿತ್ತು. ನಿಮ್ಮದು ಏನೆಂದು ನೀವೇ ಕಂಡುಹಿಡಿಯಬೇಕು. ಒಂದು ಎಚ್ಚರಿಕೆ: ಎದೆ ನೋವು, ಎಡಗೈ ಸೆಳೆತ, ಉಸಿರು ಸಿಗದಿರುವುದು ಆದರೆ ಪುಸ್ತಕದಲ್ಲಿ ಬರೆಯುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಎರಡನೇ ವಾರ: ಸರಿಯಾದ ಹೆಸರು ಹುಡುಕುವುದು

ಇದೇ ಎಲ್ಲಕ್ಕಿಂತ ಮುಖ್ಯವಾದ ವಾರ, ಮತ್ತು ಕನ್ನಡದವರಿಗೆ ಇಲ್ಲಿ ಒಂದು ದೊಡ್ಡ ಅನುಕೂಲ ಇದೆ. ಆದರೆ ಅದನ್ನು ನಾವು ಬಳಸುತ್ತಿಲ್ಲ.

ಆಫೀಸಿನಲ್ಲಿ ನಮ್ಮ ಬಾಯಲ್ಲಿ ಬರುವುದು ಎರಡೇ ಪದ: ಟೆನ್ಷನ್, ಬೇಜಾರು. ಕೆಲಸ ಇಲ್ಲದೆ ಕೂತರೂ ಬೇಜಾರು. ಮೇಲಿನವರು ಎಲ್ಲರೆದುರು ಬೈದರೂ ಬೇಜಾರು. ಜೊತೆಯವರು ವರ್ಗವಾಗಿ ಹೋದರೂ ಬೇಜಾರು. ಮೊದಲನೆಯದು ಬೇಸರ, ಎರಡನೆಯದು ಅವಮಾನ ಅಥವಾ ನೋವು, ಮೂರನೆಯದು ಅಗಲಿಕೆಯ ಸಂಕಟ. ಮೂರಕ್ಕೂ ಮದ್ದು ಬೇರೆ. ಬೇಸರಕ್ಕೆ ಹೊಸ ಕೆಲಸ ಕೇಳಬೇಕು, ಅವಮಾನಕ್ಕೆ ಮಾತಾಡಬೇಕು, ಅಗಲಿಕೆಗೆ ಫೋನ್ ಮಾಡಬೇಕು. ಮೂರನ್ನೂ ಬೇಜಾರು ಅಂದುಬಿಟ್ಟರೆ ಮೂರಕ್ಕೂ ಒಂದೇ ಮದ್ದು: ಇನ್ನೊಂದು ಕಪ್ ಟೀ.

ಸಿಟ್ಟಿನ ಕಡೆ ನೋಡಿ. ಕಿರಿಕಿರಿ, ಅಸಮಾಧಾನ, ಮುನಿಸು, ರೇಗುವುದು, ಸಿಟ್ಟು, ರೋಷ. ಮುನಿಸು ನಮ್ಮವರ ಮೇಲೆ ಮಾತ್ರ ಬರುತ್ತದೆ, ಅಪರಿಚಿತ ಗ್ರಾಹಕರ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ. ಹಾಗಾಗಿ ಪಕ್ಕದ ಟೇಬಲ್‌ನವರ ಮೇಲೆ ನಿಮಗಿರುವುದು ಮುನಿಸು ಎಂದು ಗೊತ್ತಾದರೆ, ಅವರನ್ನು ನೀವು ನಿಮ್ಮವರು ಅಂದುಕೊಂಡಿದ್ದೀರಿ ಎಂಬುದೂ ಗೊತ್ತಾಗುತ್ತದೆ. ಭಯದ ಕಡೆ ಅಳುಕು, ಅಂಜಿಕೆ, ದಿಗಿಲು, ಗಾಬರಿ, ಆತಂಕ. ಅಳುಕು ಸಣ್ಣದು, ಕೆಲಸ ಶುರು ಮಾಡಿದರೆ ಹೋಗುತ್ತದೆ. ದಿಗಿಲು ತಟ್ಟನೆ ಬರುತ್ತದೆ. ಆತಂಕ ಇನ್ನೂ ಆಗದೆ ಇರುವುದರ ಬಗ್ಗೆ. ಇನ್ನು ಸಂಕೋಚ, ನಾಚಿಕೆ, ಮುಜುಗರ, ಅವಮಾನ. ಇವನ್ನಂತೂ ಕಲಸಿಬಿಡುತ್ತೇವೆ. ತಪ್ಪು ಖಾತೆಗೆ ಹಣ ಹಾಕಿದ್ದು ನನಗೊಬ್ಬಳಿಗೇ ಗೊತ್ತಾದಾಗ ಆಗುವುದು ನಾಚಿಕೆ. ನಾಲ್ಕು ಜನರ ಮುಂದೆ ಗೊತ್ತಾದಾಗ ಮುಜುಗರ. ಅದನ್ನೇ ಹಿಡಿದು ಒಬ್ಬರು ಬೇಕಂತಲೇ ಎಲ್ಲರೆದುರು ಎತ್ತಿ ಆಡಿದಾಗ ಅವಮಾನ. ಬೇಸರ, ದುಗುಡ, ಕೊರಗು, ಹಳಹಳಿ, ಹತಾಶೆ, ತಳಮಳ, ಕಳವಳ, ಹೊಟ್ಟೆಕಿಚ್ಚು, ಬಿಗುಮಾನ, ಇರಿಸುಮುರಿಸು. ಇಷ್ಟೊಂದು ಪದ ಮನೆಯಲ್ಲಿ ಕೇಳಿಯೇ ಬೆಳೆದಿದ್ದೇವೆ ಅಲ್ವಾ? ನಿಮ್ಮ ಊರಿನ ಕಡೆ ಇನ್ನೂ ಬೇರೆ ಇರುತ್ತವೆ. ಅಜ್ಜಿ, ಅಮ್ಮ ಬಳಸುತ್ತಿದ್ದ ಪದಗಳನ್ನು ನೆನಪು ಮಾಡಿಕೊಂಡು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪಟ್ಟಿ ಮಾಡಿ.

ಹೆಸರಿಡುವುದರಿಂದ ಏನು ಪ್ರಯೋಜನ ಅಂತ ಕೇಳಬಹುದು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಯವರು 2007ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಸ್ಕ್ಯಾನರ್ ಒಳಗೆ ಮಲಗಿದವರಿಗೆ ಸಿಟ್ಟಿನ, ಭಯದ ಮುಖಗಳನ್ನು ತೋರಿಸಿದರು. ಒಮ್ಮೆ ಆ ಮುಖದ ಭಾವನೆಗೆ ಹೊಂದುವ ಪದ ಆರಿಸಬೇಕು, ಇನ್ನೊಮ್ಮೆ ಆ ಮುಖಕ್ಕೆ ಹೊಂದುವ ವ್ಯಕ್ತಿಯ ಹೆಸರು ಆರಿಸಬೇಕು. ಭಾವನೆಗೆ ಪದ ಆರಿಸಿದಾಗ, ಮಿದುಳಿನಲ್ಲಿ ಅಪಾಯ ಕಂಡರೆ ಎಚ್ಚರಿಸುವ ಅಮಿಗ್ಡಲ ಎಂಬ ಭಾಗದ ಗದ್ದಲ ಕಮ್ಮಿಯಾಯಿತು. ಅಂದರೆ ಹೆಸರಿಟ್ಟ ಕೂಡಲೇ ಸ್ವಲ್ಪ ಇಳಿಯುತ್ತದೆ. ಪೂರ್ತಿ ಹೋಗುವುದಿಲ್ಲ, ಸ್ವಲ್ಪ ಇಳಿಯುತ್ತದೆ. ಆ ಸ್ವಲ್ಪದಲ್ಲೇ ನಮಗೆ ಬಾಯಿ ಮುಚ್ಚಿಕೊಳ್ಳಲು ಬೇಕಾದ ಎರಡು ಸೆಕೆಂಡು ಸಿಗುತ್ತದೆ.

ಈ ವಾರದ ನಿಯಮ: ನೋಟ್‌ಬುಕ್ಕಿನಲ್ಲಿ "ಟೆನ್ಷನ್", "ಬೇಜಾರು", "ಸ್ಟ್ರೆಸ್" ಬರೆಯುವಂತಿಲ್ಲ. ಬಂದರೆ ಗೀಟು ಹಾಕಿ ಬೇರೆ ಪದ ಹುಡುಕಿ. ಜೊತೆಗೆ ಒಂದರಿಂದ ಹತ್ತರವರೆಗೆ ಎಷ್ಟು ಜೋರಿದೆ ಎಂದು ಅಂಕಿ ಹಾಕಿ. ಒಂದೇ ಸಲಕ್ಕೆ ಎರಡು ಮೂರು ಭಾವನೆ ಇರಬಹುದು, ಎಲ್ಲವನ್ನೂ ಬರೆಯಿರಿ. ಜೊತೆಯಲ್ಲೇ ಸೇರಿದ ಗೆಳತಿಗೆ ಪ್ರಮೋಷನ್ ಆದ ದಿನ ನನ್ನ ಪುಟದಲ್ಲಿ ಹೀಗಿತ್ತು: "ಖುಷಿ 6, ಹೊಟ್ಟೆಕಿಚ್ಚು 4, ಕೊರಗು 7." ಹೊಟ್ಟೆಕಿಚ್ಚು ಎಂದು ಬರೆಯಲು ಪೆನ್ನು ಮುಂದಕ್ಕೇ ಹೋಗಲಿಲ್ಲ. ಬರೆದ ಮೇಲೆ ಗೊತ್ತಾಗಿದ್ದು, ಅದಕ್ಕಿಂತ ದೊಡ್ಡದು ಕೊರಗು. ಮಗುವಿನ ಶಾಲೆಗೋಸ್ಕರ ಆ ವರ್ಷ ಪರೀಕ್ಷೆಗೆ ಕೂರಲಿಲ್ಲವಲ್ಲ ಎಂಬ ಕೊರಗು. ಅದು ಗೊತ್ತಾದ ಮೇಲೆ ಗೆಳತಿಗೆ ಫೋನ್ ಮಾಡಿ ಮನಸಾರೆ ಮಾತಾಡಲು ಆಯಿತು.

ಸಿಸಿಟಿವಿ ಕಂಡಿದ್ದು, ನಾನು ಕಟ್ಟಿದ್ದು

ಅದೇ ಎರಡನೇ ವಾರದ ಕೊನೆಗೆ ಇದನ್ನು ಸೇರಿಸಿಕೊಳ್ಳಿ. ಪುಟದ ಮಧ್ಯೆ ಒಂದು ಗೆರೆ ಎಳೆಯಿರಿ. ಎಡಕ್ಕೆ, ಗೋಡೆಯ ಸಿಸಿಟಿವಿಯಲ್ಲಿ ಕಾಣುವಷ್ಟನ್ನು ಮಾತ್ರ ಬರೆಯಿರಿ. ಬಲಕ್ಕೆ, ನಿಮ್ಮ ತಲೆ ಅದರ ಮೇಲೆ ಕಟ್ಟಿದ್ದನ್ನು ಬರೆಯಿರಿ. ಮ್ಯಾನೇಜರ್‌ರಿಂದ ಮೆಸೇಜ್ ಬರುತ್ತದೆ: "ಕ್ಯಾಬಿನ್‌ಗೆ ಬನ್ನಿ." ಎಡಗಡೆ ಅಷ್ಟೇ ಇರಬೇಕು. ಬಲಗಡೆ ಏನೇನಿರುತ್ತದೆ? ನಿನ್ನೆಯ ವೋಚರ್‌ನಲ್ಲಿ ತಪ್ಪಾಗಿದೆ, ಯಾರೋ ದೂರು ಕೊಟ್ಟಿದ್ದಾರೆ, ನನ್ನನ್ನು ದೂರದ ಊರಿಗೆ ಹಾಕುತ್ತಾರೆ. ಸೀಟಿನಿಂದ ಕ್ಯಾಬಿನ್‌ಗೆ ಇಪ್ಪತ್ತು ಹೆಜ್ಜೆ, ಅಷ್ಟರಲ್ಲಿ ವರ್ಗಾವಣೆಯೇ ಆಗಿಹೋಗಿರುತ್ತದೆ. ಒಳಗೆ ಹೋದರೆ ಅವರು ಕೇಳುವುದು, ಲಾಕರ್ ಕೀ ಯಾರ ಹತ್ತಿರ ಇದೆ ಅಂತ. ಬಲಗಡೆ ಬರೆದದ್ದೆಲ್ಲ ಸುಳ್ಳೇ ಆಗಿರಬೇಕೆಂದಿಲ್ಲ, ಕೆಲವು ಸಲ ನಿಜವೂ ಆಗುತ್ತದೆ. ಆದರೆ ಅದು ಊಹೆ ಎಂಬುದು ಕಣ್ಣಿಗೆ ಕಾಣಬೇಕು.

ಬರೆಯುವಾಗ "ಯಾಕೆ" ಎಂದು ಕೇಳಿಕೊಳ್ಳಬೇಡಿ. "ನನಗೆ ಯಾಕೆ ಹೀಗಾಗುತ್ತದೆ" ಎಂದು ಶುರು ಮಾಡಿದರೆ ಹಳೆಯದೆಲ್ಲ ಎದ್ದು ಬರುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ. "ಏನಾಯಿತು, ಮೈಯಲ್ಲಿ ಏನಾಯಿತು, ಹೆಸರೇನು, ನನಗೀಗ ಏನು ಬೇಕು" ಎಂದು ಕೇಳಿ. ಐದು ಸಾಲು ಮೀರಬೇಡಿ. ಅತಿಯಾಗಿ ಕೆದಕಿದರೆ ಗಾಯ ಮಾಯುವುದಿಲ್ಲ.

ಮೂರನೇ ವಾರ: ಹಿಂದಿರುಗಿ ಓದುವುದು, ಒಬ್ಬರನ್ನು ಕೇಳುವುದು

ಬ್ಯಾಂಕಿನವರಿಗೆ ಎರಡನೇ, ನಾಲ್ಕನೇ ಶನಿವಾರ ರಜೆ. ನಿಮಗೆ ಯಾವ ದಿನ ಬಿಡುವೋ ಆ ದಿನ ಎರಡು ವಾರದ ಪುಟಗಳನ್ನು ಒಟ್ಟಿಗೆ ಓದಿ. ಯಾವ ಗಂಟೆ, ಯಾವ ಮನುಷ್ಯ, ಯಾವ ಮಾತು ಮತ್ತೆ ಮತ್ತೆ ಬರುತ್ತಿದೆ ಎಂದು ಸುತ್ತು ಹಾಕಿ. ನನ್ನ ಪುಟಗಳಲ್ಲಿ ಸಿಟ್ಟು ಹೆಚ್ಚಾಗಿ ಮಧ್ಯಾಹ್ನ ಎರಡರಿಂದ ಮೂರರ ನಡುವೆ ಇತ್ತು, ಅದರಲ್ಲಿ ಮುಕ್ಕಾಲು ಪಾಲು ಊಟ ತಡವಾದ ದಿನಗಳಲ್ಲಿ. ಮನಸ್ಸಿನ ಸಮಸ್ಯೆ ಅಂದುಕೊಂಡಿದ್ದು ಅರ್ಧ ಹಸಿವಾಗಿತ್ತು. ಇನ್ನೊಂದು, "ಇಷ್ಟೂ ಗೊತ್ತಾಗಲ್ವಾ" ಎಂಬ ಮಾತು. ಯಾರು ಯಾವ ದನಿಯಲ್ಲಿ ಅಂದರೂ ನನ್ನ ಕಿವಿ ಬಿಸಿಯಾಗುತ್ತದೆ. ಹೈಸ್ಕೂಲಿನ ಗಣಿತದ ತರಗತಿಗೆ ಹೋಗಿ ನಿಲ್ಲುತ್ತದೆ ಅದು. ಗೊತ್ತಿದ್ದರೆ ಸಾಕು, ಮುಂದಿನ ಸಲ ಆ ಮಾತು ಬಂದಾಗ ಮುಂದೆ ಇರುವುದು ಗ್ರಾಹಕರು, ಗಣಿತದ ಮೇಷ್ಟ್ರಲ್ಲ ಎಂದು ನೆನಪಾಗುತ್ತದೆ.

ಆದರೆ ನಮಗೆ ಕಾಣದ್ದು ಬೇರೆಯವರಿಗೆ ಕಾಣುತ್ತದೆ. 1955ರಲ್ಲಿ ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಎಂಬಿಬ್ಬರು ಇದನ್ನೇ ನಾಲ್ಕು ಮನೆಯ ಕಿಟಕಿಯಂತೆ ಬರೆದು ತೋರಿಸಿದರು, ಇಬ್ಬರ ಹೆಸರೂ ಸೇರಿ ಜೋಹಾರಿ ಕಿಟಕಿ ಎಂದಾಯಿತು. ಬೇರೆಯವರಿಗೆ ಗೊತ್ತು, ನನಗೆ ಗೊತ್ತಿಲ್ಲ ಎಂಬ ಮನೆಯೊಂದು ಅದರಲ್ಲಿದೆ. ಅದನ್ನು ತೆರೆಯಲು ಇರುವುದು ಒಂದೇ ದಾರಿ, ಕೇಳುವುದು. "ನಾನು ಹೇಗೆ" ಎಂದು ಕೇಳಬೇಡಿ, "ತುಂಬಾ ಒಳ್ಳೆಯವರು" ಎಂದುಬಿಡುತ್ತಾರೆ. ನಂಬಿಕೆಯ ಒಬ್ಬರನ್ನು ಆರಿಸಿ, ಒಂದೇ ಪ್ರಶ್ನೆ ಕೇಳಿ: "ನನಗೆ ಸಿಟ್ಟು ಬಂದಿದೆ ಅಂತ ನಿಮಗೆ ಯಾವುದರಿಂದ ಗೊತ್ತಾಗುತ್ತೆ?" ನಾನು ನಮ್ಮ ಅಟೆಂಡರ್ ಅಣ್ಣನನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಡಂ, ಸೀಲು. ಸಿಟ್ಟಿದ್ರೆ ನೀವು ಎರಡೆರಡು ಸಲ ಹೊಡೀತೀರ" ಅಂದರು. ಮಾರನೆಯ ದಿನದಿಂದ ಗಮನಿಸಿದೆ. ಚಲನ್ ಮೇಲೆ ಎರಡು ಸೀಲು, ಒಂದರ ಮೇಲೊಂದು. ಕಿವಿಯ ಬಿಸಿ ತಪ್ಪಿಹೋದ ದಿನವೂ ಸೀಲು ತಪ್ಪುತ್ತಿರಲಿಲ್ಲ. ಕೇಳಿದ ಮೇಲೆ ವಾದ ಮಾಡಬೇಡಿ, ಥ್ಯಾಂಕ್ಸ್ ಹೇಳಿ ಬನ್ನಿ. ವಾದ ಮಾಡಿದರೆ ಅವರು ಇನ್ಯಾವತ್ತೂ ನಿಜ ಹೇಳುವುದಿಲ್ಲ.

ನಾಲ್ಕನೇ ವಾರ: ಬಾಯಿ ಬಿಟ್ಟು ಹೇಳುವುದು

ಈಗ ಒಂದು ಸಣ್ಣ ವಿಷಯ ಆರಿಸಿಕೊಂಡು, ಭಾವನೆಯನ್ನು ಮಾತಿನಲ್ಲಿ ಹೇಳಿ ನೋಡಿ. ದೊಡ್ಡ ಜಗಳದಿಂದ ಶುರು ಮಾಡಬೇಡಿ. ಸೂತ್ರ ಸುಲಭ: ಏನಾಯಿತು, ನನಗೇನಾಯಿತು, ಏನು ಬೇಕು. "ನೀವು ಯಾವಾಗಲೂ ಹೀಗೇ" ಎಂಬ ಮಾತು ಬರಬಾರದು. ಮೇಲಿನವರ ಹತ್ತಿರವಾದರೆ ಹೀಗೆ: "ಸರ್, ಬೆಳಿಗ್ಗೆ ಎಲ್ಲರ ಮುಂದೆ ನನ್ನ ಫಿಗರ್ ಓದಿದಾಗ ನನಗೆ ತುಂಬಾ ಮುಜುಗರ ಆಯ್ತು. ಮುಂದಿನ ಸಲ ನನ್ನನ್ನೇ ಕರೆದು ಕೇಳಿ ಸರ್, ಖಂಡಿತ ಉತ್ತರ ಕೊಡ್ತೀನಿ." ಇಲ್ಲಿ ಅವಮಾನ ಅನ್ನದೆ ಮುಜುಗರ ಅಂದದ್ದು ಬೇಕಂತಲೇ. ನೋಟ್‌ಬುಕ್ಕಿನಲ್ಲಿ ಪೂರಾ ನಿಜ ಇರಲಿ, ಬಾಯಲ್ಲಿ ಎದುರಿನವರು ತಡೆದುಕೊಳ್ಳುವಷ್ಟು ನಿಜ ಇರಲಿ. ಜೊತೆಯವರ ಹತ್ತಿರ ಇನ್ನೂ ನೇರ ಹೇಳಬಹುದು. ತುಂಬಾ ಜೋರಿದ್ದರೆ, ಅಂದರೆ ಹತ್ತರಲ್ಲಿ ಏಳರ ಮೇಲಿದ್ದರೆ, "ಹತ್ತು ನಿಮಿಷ ಬಿಟ್ಟು ಮಾತಾಡೋಣ್ವಾ" ಎಂದಷ್ಟೇ ಹೇಳಿ ಎದ್ದುಬಿಡಿ.

ಹೆಂಗಸರಿಗೆ ಒಂದು ಮಾತು. ನಮ್ಮಲ್ಲಿ ಬಹಳ ಜನರಿಗೆ ಸಿಟ್ಟು ಬಂದರೆ ಕಣ್ಣೀರು ಬರುತ್ತದೆ. ನೋಡಿದವರು ನೋವಾಗಿದೆ ಅಂದುಕೊಂಡು ಸಮಾಧಾನ ಮಾಡುತ್ತಾರೆ, ಸಿಟ್ಟಿನ ಕಾರಣ ಅಲ್ಲಿಗೇ ಮುಚ್ಚಿಹೋಗುತ್ತದೆ. "ಇದು ಅಳು ಅಲ್ಲ ಸರ್, ನನಗೆ ಸಿಟ್ಟು ಬಂದಿದೆ, ವಿಷಯ ಇನ್ನೂ ಮುಗಿದಿಲ್ಲ" ಎಂದು ಕಣ್ಣೊರೆಸಿಕೊಂಡೇ ಹೇಳಬಹುದು. ಗಂಡಸರದ್ದು ಇದರ ಉಲ್ಟಾ. ಹೆದರಿಕೆ ಆಗಿದೆ ಎಂದು ಹೇಳಲು ಚಿಕ್ಕಂದಿನಿಂದ ಬಿಟ್ಟೇ ಇಲ್ಲ, ಹಾಗಾಗಿ ಅದು ಕೂಗಾಟವಾಗಿ ಹೊರಗೆ ಬರುತ್ತದೆ. ನೋಟ್‌ಬುಕ್ಕಿನಲ್ಲಾದರೂ "ದಿಗಿಲು" ಎಂದು ಬರೆದು ನೋಡಿ.

ಮನಸ್ಸು ಸರಿಯಿದ್ದು ಕೆಲಸವೇ ತಪ್ಪಾಗಿದ್ದರೆ

ಇದನ್ನು ಹೇಳದೆ ಬಿಟ್ಟರೆ ಈ ಮಾರ್ಗದರ್ಶಿ ಅನ್ಯಾಯವಾಗುತ್ತದೆ. ಮೂರು ಜನ ಮಾಡುವ ಕೆಲಸಕ್ಕೆ ಒಬ್ಬರನ್ನು ಕೂರಿಸಿ, "ನಿಮ್ಮ ಭಾವನೆ ನಿಭಾಯಿಸಲು ಕಲಿಯಿರಿ" ಅನ್ನುವುದು ಸರಿಯಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ಗಗನಸಖಿಯರನ್ನು ಗಮನಿಸಿ ಬರೆದಿದ್ದರು: ಒಳಗೆ ಏನೇ ಇರಲಿ ನಗುಮುಖ ಇಟ್ಟುಕೊಳ್ಳುವುದೂ ಒಂದು ದುಡಿಮೆ, ಅದಕ್ಕೂ ಶಕ್ತಿ ಖರ್ಚಾಗುತ್ತದೆ. ಕೌಂಟರ್‌ನಲ್ಲಿ ಕೂತವರಿಗೆ, ನರ್ಸ್‌ಗಳಿಗೆ, ಬಸ್ ಕಂಡಕ್ಟರ್‌ಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ನೋಟ್‌ಬುಕ್ಕಿನಲ್ಲಿ ತಿಂಗಳೆಲ್ಲ ಅಸಹಾಯಕತೆ, ಹತಾಶೆ ಎಂದೇ ಇದ್ದರೆ ಅದು ನಿಮ್ಮ ದೋಷವಲ್ಲ, ವರದಿ. ಅದನ್ನು ಹಿಡಿದು ಇನ್ನಷ್ಟು ಸಿಬ್ಬಂದಿ ಬೇಕೆಂದು ಕೇಳಿ, ಯೂನಿಯನ್‌ಗೆ ಹೇಳಿ, ಆಗದಿದ್ದರೆ ವರ್ಗಾವಣೆ ಕೇಳಿ.

ಒಬ್ಬ ವ್ಯಕ್ತಿ ಹತ್ತಿರ ಬಂದಾಗಲೆಲ್ಲ ಮೈ ಹಿಡಿಯಾಗುತ್ತದೆ, ಇರಿಸುಮುರಿಸು ಆಗುತ್ತದೆ ಎಂದು ಮತ್ತೆ ಮತ್ತೆ ಬರುತ್ತಿದ್ದರೆ ಅದನ್ನು ನಂಬಿ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ದಿನಾಂಕ, ಗಂಟೆ ಹಾಕಿ ಬರೆದ ಪುಟಗಳು ಅಲ್ಲಿ ದೂರು ಬರೆಯುವಾಗ ಕೈಗೆ ಬರುತ್ತವೆ.

ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬೆಳಿಗ್ಗೆ ಏಳಲೇ ಮನಸ್ಸಿಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂದರೆ ನೋಟ್‌ಬುಕ್ ಸಾಲದು. ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬದುಕು ಬೇಡ ಅನಿಸಿದರೆ ಎರಡು ವಾರ ಕಾಯಬೇಡಿ, ಅವತ್ತೇ ಮಾಡಿ.

ತಪ್ಪಿದಾಗ

ನಾಲ್ಕು ವಾರ ಆದ ಮೇಲೂ ತಪ್ಪುತ್ತದೆ. ಕಿವಿ ಬಿಸಿಯಾಗಿದ್ದೂ ಗೊತ್ತಾಗದೆ ಮಾತು ಹೊರಗೆ ಬಂದುಬಿಡುತ್ತದೆ. ಆಗ ಮಾಡಬೇಕಾದದ್ದು ಕ್ಷಮೆ ಕೇಳುವುದು, ಆದಷ್ಟು ಬೇಗ, ಕಾರಣಗಳನ್ನು ಸೇರಿಸದೆ. "ತಪ್ಪಾಯ್ತು, ಆದರೆ ನನಗೂ ಅವತ್ತು..." ಎಂದು ಶುರು ಮಾಡಿದರೆ ಅದು ಕ್ಷಮೆಯಲ್ಲ. ಎಲ್ಲರೆದುರು ಕೂಗಿದ್ದರೆ ಕ್ಷಮೆಯೂ ಎಲ್ಲರೆದುರೇ ಇರಲಿ.

ಆ ರೈಲ್ವೆಯ ಹಿರಿಯರು ಎರಡು ದಿನ ಬಿಟ್ಟು ಮತ್ತೆ ಬಂದರು. ಬಾಗಿಲ ಹತ್ತಿರವೇ ನಿಂತು ಯಾವ ಕೌಂಟರ್‌ಗೆ ಹೋಗಲಿ ಎಂದು ನೋಡುತ್ತಿದ್ದರು. ನಾನು ಎದ್ದು ಹೋಗಿ, "ಯಜಮಾನ್ರೇ, ಮೊನ್ನೆ ನಿಮ್ಮ ಮೇಲೆ ಕೂಗಾಡಿದೆ. ತಪ್ಪಾಯ್ತು, ನಿಮ್ಮದೇನೂ ತಪ್ಪಿರಲಿಲ್ಲ" ಅಂದೆ. ಕೂತಿದ್ದ ನಾಲ್ಕೈದು ಜನ ತಿರುಗಿ ನೋಡಿದರು. ಅವರು ನನ್ನ ಮುಖ ನೋಡಿ, "ಇರಲಿ ಬಿಡಮ್ಮ. ಇವತ್ತು ಮಿಷನ್ ತಗೊಳುತ್ತಾ?" ಎಂದು ಕೇಳಿದರು. ಹೆಬ್ಬೆರಳು ಬಿಟ್ಟು ತೋರುಬೆರಳು ಇಡಿಸಿದೆ. ಎರಡನೇ ಸಲಕ್ಕೆ ಬಂತು.